ಹನ್ನೊಂದು ಮೋಟರು, ಒಂದು ಟಿಸಿ

ನಮ್ಮ ಹೊಲ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಒಟ್ಟು ಆರು ಎಕರೆ. ತೊಗರಿ, ಸೋಯಾ, ಹಿಂಗಾರಿಗೆ ಕಡಲೆ, ಜೋಳ. ಮಳೆ ನಂಬಿದ ಬೇಸಾಯ. ಒಂದು ಬೋರ್ ಇದೆ, ಅದರ ಮೇಲೆ ಒಂದೂವರೆ ಎಕರೆ ತರಕಾರಿ ಅಷ್ಟೇ. ಈ ಬೋರಿಗೆ ಕರೆಂಟು ಕೊಡುವ ಟಿಸಿಯ ಮೇಲೆ ಒಟ್ಟು ಹನ್ನೊಂದು ಮೋಟರು.

ಮೂರು ವರ್ಷದ ಹಿಂದೆ ಬೇಸಿಗೆಗೆ ಮುಂಚೆಯೇ ಆ ಟಿಸಿ ಎರಡು ಸಲ ಸುಟ್ಟಿತು. ಬದನೆ, ಟೊಮ್ಯಾಟೊ ಒಣಗಿ ಕಡ್ಡಿಯಾದವು. ನನ್ನ ಮೋಟರೂ ಸುಟ್ಟು ವೈಂಡಿಂಗ್ ಖರ್ಚು ಬೇರೆ ಬಂತು. ಎಲ್ಲರೂ ಕೂಡಿ ಕರೆಂಟಿನವರನ್ನು ಬೈದೆವು. ಕುಳಿತು ಲೆಕ್ಕ ಹಾಕಿದಾಗ ತಿಳಿಯಿತು, ತಪ್ಪು ನಮ್ಮದೇ.

ಟಿಸಿ ಯಾಕೆ ಸುಟ್ಟಿತು?

ನಮ್ಮದು 63 ಕೆವಿಎ ಟಿಸಿ. 5 ಎಚ್‌ಪಿ ಮೋಟರು ಓಡುವಾಗ ಹೆಚ್ಚುಕಡಿಮೆ 6 ಕೆವಿಎ ಎಳೆಯುತ್ತದೆ. ಅಂದರೆ ಹತ್ತು ಮೋಟರಿಗೇ ಟಿಸಿ ತುಂಬಿತು. ನಮ್ಮವು ಹನ್ನೊಂದು. ಅದರಲ್ಲೂ ಮೂವರದು ಕಾಗದದಲ್ಲಿ 5 ಎಚ್‌ಪಿ, ಬೋರಿನೊಳಗೆ ಏಳೂವರೆ. ಆ ಮೂವರಲ್ಲಿ ನಾನೂ ಒಬ್ಬ, ಮುಚ್ಚಿಡುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಆಟೋ ಸ್ಟಾರ್ಟರಿನದು. ಮೋಟರು ಚಾಲೂ ಆಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ತ್ರೀ ಫೇಸ್ ಬಂದ ಕೂಡಲೇ ಹನ್ನೊಂದೂ ಆಟೋ ಒಮ್ಮೆಲೇ ಎತ್ತಿದರೆ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಇಳಿದರೆ ಮೋಟರು ಇನ್ನೂ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ಶಾಖವಾಗಿ ಹೋಗುವ ನಷ್ಟ ನಾಲ್ಕು ಪಟ್ಟು. ಕರೆಂಟು ಖರ್ಚಾಗುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ.

ಗೊತ್ತಿದ್ದೂ ಯಾಕೆ ಬಿಡಲಿಲ್ಲ?

ಮೊದಲನೆಯದು ರಾತ್ರಿ ಕರೆಂಟು. ನಡುರಾತ್ರಿ ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವವರು ಯಾರು? ಆಟೋ ಹಾಕಿ ಮಲಗಿದರೆ ಮುಗಿಯಿತು. ಎರಡನೆಯದು ಅಂಜಿಕೆ. ನಾನೊಬ್ಬ ಬಂದ್ ಮಾಡಿದರೆ ಬಾಜೂ ಹೊಲದವ ನೀರೆಲ್ಲ ಎಳೆದುಕೊಂಡಾನು ಎಂಬುದು ಎಲ್ಲರ ಹೊಟ್ಟೆಯೊಳಗಿನ ಮಾತು. ಮೂರನೆಯದು, 2008ರಿಂದ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಅದರಿಂದ ನಮ್ಮಂಥವರು ಬದುಕಿದ್ದೇವೆ, ನಿಜ. ಆದರೆ ಉಳಿಸಿದವನಿಗೂ ಹಾಳು ಮಾಡಿದವನಿಗೂ ಬಿಲ್ಲು ಒಂದೇ, ಸೊನ್ನೆ.

ಕೊಡದ ಪಾಳಿ

ದಾರಿ ತೋರಿಸಿದವಳು ನನ್ನ ಹೆಂಡತಿ. "ನಳಕ್ಕ ನೀರು ಬಂದಾಗ ನಾವು ಕೊಡ ಪಾಳಿಗೆ ಇಡ್ತೀವಿ. ಎಲ್ಲಾರೂ ಒಮ್ಮೆಲೇ ಕೊಡ ಹಿಡದ್ರ ಯಾರ ಕೊಡಾನೂ ತುಂಬಂಗಿಲ್ಲ. ಗಂಡಸರಿಗಿ ಇಷ್ಟು ತಿಳಿಯಂಗಿಲ್ಲೇನು?" ಅಂದಳು.

ಹನ್ನೊಂದು ಮನೆಯವರು ಗುಡಿಕಟ್ಟೆಯ ಮೇಲೆ ಕೂತೆವು. ಮೂರು ಮಾತು ಆದವು:

1. ಆಟೋ ತೆಗೆಯುವುದು. ಆರು ಮತ್ತು ಐದು ಮೋಟರಿನ ಎರಡು ಗುಂಪು. ಕರೆಂಟಿನ ಅರ್ಧ ವೇಳೆ ಒಂದು ಗುಂಪಿಗೆ, ಉಳಿದರ್ಧ ಇನ್ನೊಂದಕ್ಕೆ.

2. ರಾತ್ರಿ ಪಾಳಿಯಲ್ಲಿ ಗುಂಪಿನ ಇಬ್ಬರು ಜೊತೆಯಾಗಿ ಹೋಗಿ ಎಲ್ಲರ ಮೋಟರೂ ಒಂದೊಂದಾಗಿ ಚಾಲೂ ಮಾಡುವುದು.

3. ಎಲ್ಲರೂ ಕೆಪಾಸಿಟರ್ ಕೂಡಿಸುವುದು. 5 ಎಚ್‌ಪಿಗೆ 2 ಕೆವಿಎಆರ್‌ನದು ಸಾಕು. ಒಬ್ಬ ಕೂಡಿಸಿದರೆ ಅವನಿಗೆ ಕಾಣುವ ಲಾಭ ಕಡಿಮೆ. ಎಲ್ಲರೂ ಕೂಡಿಸಿದರೆ ಟಿಸಿ ಭಾರ ಇಳಿದು ವೋಲ್ಟೇಜು ಏರುತ್ತದೆ.

ಎರಡನೇ ಮಾತೇ ಕಠಿಣ ಇತ್ತು. ಸ್ಟಾರ್ಟರ್ ಡಬ್ಬಿಯ ಕೀಲಿ ಬೇರೆಯವರ ಕೈಗೆ ಕೊಡಬೇಕು. ನನ್ನ ಗುಂಪಿನಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದ. ಬದುವಿನ ಜಗಳದಿಂದ ನಮ್ಮಲ್ಲಿ ಆರು ವರ್ಷ ಮಾತಿರಲಿಲ್ಲ. ಅಂದು ಎಲ್ಲರ ಮುಂದೆ, "ಅಣ್ಣಾ, ಕೀಲಿ ನಿನ್ ಬಲ್ಲಿ ಇರ್ಲಿ" ಅಂದೆ. ಅವನು ಏನೂ ಅನ್ನಲಿಲ್ಲ. ತನ್ನ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟ.

ಅರ್ಧ ವೇಳೆ ನೀರು ಸಾಕಾಗುತ್ತದೆಯೇ ಎಂದು ಕೇಳಬಹುದು. ವೋಲ್ಟೇಜು ಪೂರ್ತಿ ಇದ್ದರೆ ನೀರು ದಪ್ಪ ಬರುತ್ತದೆ. ನಮ್ಮ ಬೋರುಗಳು ಎಷ್ಟೋ ಸಲ ಎರಡು ಮೂರು ತಾಸಿಗೇ ದಣಿಯುತ್ತವೆ, ಆಮೇಲೆ ಮೋಟರು ಸುಮ್ಮನೆ ತಿರುಗುವುದು.

ಒಪ್ಪಂದ ಮುರಿದದ್ದೂ ಉಂಟು. ಒಬ್ಬ ಕದ್ದು ಆಟೋ ಹಾಕಿದ್ದ. ವಿಚಾರಿಸಿದರೆ ಅವನ ಉಳ್ಳಾಗಡ್ಡಿ ಒಣಗುತ್ತಿತ್ತು. ಬೈಯದೆ ಎರಡು ದಿನ ನಮ್ಮ ಪಾಳಿ ಅವನಿಗೆ ಬಿಟ್ಟೆವು. ಮತ್ತೆ ಅವನು ಆಟೋ ಮುಟ್ಟಲಿಲ್ಲ. ಅಂದಿನಿಂದ ಎರಡು ಬೇಸಿಗೆ ಕಳೆದವು, ಟಿಸಿ ಸುಟ್ಟಿಲ್ಲ.

ಬೇರೆ ಕಡೆ

ಹುಮನಾಬಾದ್ ದಾಟಿ ಹೈದರಾಬಾದ್ ರಸ್ತೆ ಹಿಡಿದರೆ ತೆಲಂಗಾಣ. ಅಲ್ಲಿ 2018ರ ಜನವರಿ 1ರಿಂದ ಹೊಲಕ್ಕೆ 24 ತಾಸು ಉಚಿತ ಕರೆಂಟು ಕೊಟ್ಟರು. ಅದಕ್ಕೆ ಮುಂಚೆ ಅಲ್ಲಿನ ಸರ್ಕಾರವೇ ರೈತರಿಗೆ ಆಟೋ ತೆಗೆಯಿರಿ ಎಂದು ಹೇಳಬೇಕಾಯಿತು. ಇಲ್ಲದಿದ್ದರೆ ಹಗಲೂ ರಾತ್ರಿ ಮೋಟರು ಓಡಿ ಅಂತರ್ಜಲ ಬತ್ತುತ್ತಿತ್ತು. ಪಂಜಾಬಿನಲ್ಲಿ 2018ರಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಮೀಟರು ಹಾಕಿಸಿಕೊಂಡ ರೈತ ತನ್ನ ಪಾಲಿಗಿಂತ ಕಡಿಮೆ ಬಳಸಿದರೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ. ಉಳಿಸಿದವನಿಗೆ ಏನಾದರೂ ಸಿಗಬೇಕು ಎಂಬ ವಿಚಾರ ನನಗೆ ಸರಿ ಕಂಡಿದೆ.

ನಾನು ಏಳನೇ ಕ್ಲಾಸು ಓದಿದವ. ನನಗೆ ತಿಳಿದದ್ದು ಇಷ್ಟು: ಕರೆಂಟು ಉಳಿಸುವ ಸಾಮಾನು ಅಂಗಡಿಯಲ್ಲಿ ಸಿಗುತ್ತದೆ. ಬಾಜೂ ಹೊಲದವನ ಮೇಲಿನ ನಂಬಿಗೆ ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಟಿಸಿಯ ಮೇಲೆ ಎಷ್ಟು ಮೋಟರು ಇವೆ, ಕಾಗದದಲ್ಲಿ ಎಷ್ಟು ಎಚ್‌ಪಿ, ಬೋರಿನೊಳಗೆ ಎಷ್ಟು, ಒಮ್ಮೆ ಎಲ್ಲರೂ ಕೂಡಿ ಬರೆದು ನೋಡಿರಿ. ಈ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ.