ಅರ್ಜಿ ಓದುವ ಯಂತ್ರ, ಉತ್ತರ ಹೇಳಬೇಕಾದ ಮಾಲೀಕ

ಒಂದು ಕಾಲದಲ್ಲಿ ಕೆಲಸಕ್ಕೆ ಅರ್ಜಿ ಹಾಕುವುದೆಂದರೆ ಬಿಳಿಯ ಹಾಳೆಯ ಮೇಲೆ ಸ್ವಹಸ್ತಾಕ್ಷರದಲ್ಲಿ ಬರೆದು, ಅಂಕಪಟ್ಟಿಯ ದೃಢೀಕೃತ ನಕಲುಗಳನ್ನು ಲಗತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಅಂಚೆಯವನ ದಾರಿ ಕಾಯುವುದಾಗಿತ್ತು. ಅದು ತಲುಪಿದ ಕಚೇರಿಯಲ್ಲಿ ಗುಮಾಸ್ತರೊಬ್ಬರು ಲಕೋಟೆ ಒಡೆದು ಓದುತ್ತಿದ್ದರು. ಅಕ್ಷರ ದುಂಡಾಗಿದೆಯೇ, ಒಕ್ಕಣೆಯಲ್ಲಿ ವಿನಯವಿದೆಯೇ ಎಂಬುದೂ ಅವರ ಕಣ್ಣಿಗೆ ಬೀಳುತ್ತಿತ್ತು. ಇಂದು ದೊಡ್ಡ ಸಂಸ್ಥೆಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಹೆಚ್ಚಾಗಿ ಗಣಕಯಂತ್ರ. ಎಷ್ಟೋ ಅರ್ಜಿಗಳಿಗೆ ಆ ಮೊದಲ ಓದೇ ಕೊನೆಯ ಓದೂ ಆಗುತ್ತದೆ. ಓದು ಮುಗಿಸಿದ ಮಗನೋ ಮಗಳೋ ನೂರು ಕಡೆ ಅರ್ಜಿ ಹಾಕಿ, ಒಂದು ಕಡೆಯಿಂದಲೂ ಉತ್ತರ ಬಾರದೆ ಕುಳಿತಿರುವಾಗ, ಕೊರತೆ ಅವರಲ್ಲೇ ಇರಬೇಕೆಂದು ತಂದೆತಾಯಿಗಳು ನಿಟ್ಟುಸಿರು ಬಿಡುವ ಮುನ್ನ ಆ ಯಂತ್ರದ ಓದಿನ ರೀತಿಯನ್ನು ತಿಳಿಯುವುದು ಒಳಿತು. ಶಾಲೆ, ಗಿರಣಿ, ಅಂಗಡಿ, ಆಸ್ಪತ್ರೆ ನಡೆಸುತ್ತ ಹತ್ತಾರು ಜನರಿಗೆ ಕೆಲಸ ಕೊಟ್ಟಿರುವ ವಾಚಕರಿಗಂತೂ ಇದು ಇನ್ನೂ ಅಗತ್ಯ. ಇಂಥ ತಂತ್ರಾಂಶ ಮಾರುವವರು ಈಗ ಅವರ ಬಾಗಿಲಿಗೂ ಬರುತ್ತಿದ್ದಾರೆ.

ಹಳೆಯ ಪದ್ಧತಿ ನ್ಯಾಯದ ತಕ್ಕಡಿಯಾಗಿತ್ತೆಂದು ನಾವು ಹೇಳುವುದಿಲ್ಲ. ಶಿಫಾರಸು ಪತ್ರ, ಬಂಧುತ್ವ, ಊರು, ಜಾತಿ ಇವೆಲ್ಲ ಅಲ್ಲಿ ತೂಗುತ್ತಿದ್ದವು. "ನಮ್ಮ ಹುಡುಗ" ಎಂಬ ಎರಡು ಮಾತು ಎಷ್ಟು ಜನ ಅರ್ಹರ ಅನ್ನ ಕಸಿದಿದೆಯೆಂಬುದನ್ನು ನಾವೆಲ್ಲರೂ ಬಲ್ಲೆವು. ಯಂತ್ರಕ್ಕೆ ಬಂಧುಗಳಿಲ್ಲ, ಆದ್ದರಿಂದ ಅದು ನಿಷ್ಪಕ್ಷಪಾತಿ ಎಂಬ ಭರವಸೆಯೊಂದಿಗೇ ಈ ತಂತ್ರಜ್ಞಾನ ಬಂದಿತು. ಒಂದು ಹುದ್ದೆಗೆ ಸಾವಿರಾರು ಅರ್ಜಿ ಬರುವ ಕಡೆ ಯಂತ್ರದ ನೆರವಿಲ್ಲದೆ ಕೆಲಸ ಸಾಗದೆಂಬುದೂ ನಿಜ.

ಯಂತ್ರವು ಅರ್ಜಿಯನ್ನು ನಾವು ಓದುವಂತೆ ಓದುವುದಿಲ್ಲ. ಅದು ಬರಹವನ್ನು ಬಿಡಿಸಿ ವಿದ್ಯಾರ್ಹತೆ, ಅನುಭವ, ಊರು, ವರ್ಷಗಳನ್ನು ಬೇರೆ ಬೇರೆ ಖಾನೆಗಳಿಗೆ ತುಂಬಿಕೊಳ್ಳುತ್ತದೆ. ಬಳಿಕ ಉದ್ಯೋಗದಾತನು ಹೇಳಿದ ಪದಗಳು ಅಲ್ಲಿವೆಯೇ ಎಂದು ನೋಡಿ ಅಂಕ ಹಾಕುತ್ತದೆ ಅಥವಾ ಪಕ್ಕಕ್ಕಿಡುತ್ತದೆ. ಅಂದವಾದ ಚೌಕಟ್ಟು, ಎರಡು ಅಂಕಣಗಳ ಜೋಡಣೆ, ಚಿತ್ರಗಳು ಎಷ್ಟೋ ಸಲ ಅದನ್ನು ದಾರಿ ತಪ್ಪಿಸುತ್ತವೆ. ಸರಳವಾಗಿ, ಜಾಹೀರಾತಿನಲ್ಲಿರುವ ಪದಗಳನ್ನೇ ಸತ್ಯಕ್ಕೆ ಕುಂದಿಲ್ಲದಂತೆ ಬಳಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳುವುದು ಇದೇ ಕಾರಣದಿಂದ.

ಈ ಜರಡಿಯ ಕಣ್ಣಿನಲ್ಲಿ ಯಾರು ಸಿಕ್ಕಿಬೀಳುತ್ತಾರೆ? ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸಂಸ್ಥೆಗಳು 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಅಮೆರಿಕ, ಬ್ರಿಟನ್ ಮತ್ತು ಜರ್ಮನಿಯ ಸಂಸ್ಥೆಗಳ ಹಿರಿಯ ಅಧಿಕಾರಿಗಳನ್ನು ಕೇಳಿದಾಗ, ಉನ್ನತ ಕೌಶಲದ ಅರ್ಹ ಅಭ್ಯರ್ಥಿಗಳೂ ನಿಗದಿತ ಮಾನದಂಡಗಳಿಗೆ ಅಕ್ಷರಶಃ ಹೊಂದದ ಕಾರಣ ಹೊರಗುಳಿಯುತ್ತಾರೆಂದು ಶೇಕಡಾ 88ರಷ್ಟು ಮಂದಿ ಒಪ್ಪಿಕೊಂಡರು. ಸುಮಾರು ಅರ್ಧದಷ್ಟು ಸಂಸ್ಥೆಗಳು ಉದ್ಯೋಗದಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಿಡುವು ಇದ್ದವರನ್ನು ಯಂತ್ರದಿಂದಲೇ ಕೈಬಿಡುತ್ತಿದ್ದವು. ಕೆಲವು ಆಸ್ಪತ್ರೆಗಳು ದಾದಿಯರ ಅರ್ಜಿಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಂಬ ಪದ ಹುಡುಕುತ್ತಿದ್ದುದೂ ಬೆಳಕಿಗೆ ಬಂತು. ಅವರಿಗೆ ಬೇಕಾಗಿದ್ದುದು ರೋಗಿಯ ವಿವರವನ್ನು ಗಣಕದಲ್ಲಿ ದಾಖಲಿಸುವಷ್ಟು ತಿಳಿವಳಿಕೆ ಮಾತ್ರ.

ಆರು ತಿಂಗಳ ಬಿಡುವು ಎಂಬ ಮಾತಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ಅಧ್ಯಯನ ಪರದೇಶದ್ದಾದರೂ ಅನುಭವ ನಮ್ಮ ಮನೆಗಳದು. ಹೆರಿಗೆ, ಎಳೆಯ ಕೂಸು, ಹಾಸಿಗೆ ಹಿಡಿದ ಅತ್ತೆ ಅಥವಾ ಮಾವ, ಗಂಡನ ವರ್ಗಾವಣೆ ಇವುಗಳಲ್ಲಿ ಒಂದಾದರೂ ಅಡ್ಡ ಬಾರದ ಹೆಣ್ಣುಮಗಳು ಯಾವ ಮನೆಯಲ್ಲಿದ್ದಾಳೆ? ಆ ಎರಡು ಮೂರು ವರ್ಷ ಆಕೆ ಸುಮ್ಮನೆ ಕುಳಿತಿರಲಿಲ್ಲವೆಂಬುದು ಅರ್ಜಿ ಓದುವ ಮನುಷ್ಯನಿಗೆ ಅರ್ಥವಾದೀತು. ಯಂತ್ರಕ್ಕೆ ಅದು ಎರಡು ದಿನಾಂಕಗಳ ನಡುವಿನ ಖಾಲಿ ಜಾಗ. ಜರಡಿಯ ಅಳತೆಯನ್ನು ನಿಶ್ಚಯಿಸಿದವನು ಮಾತ್ರ ಮನುಷ್ಯನೇ.

ಯಾರೂ ಅಳತೆ ಹೇಳಿಕೊಡದೆ, ಹಳೆಯ ದಾಖಲೆಗಳಿಂದಲೇ ಕಲಿತುಕೊಳ್ಳಲು ಯಂತ್ರವನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆಜಾನ್ ಕಂಪನಿಯ ಪ್ರಯೋಗ ನಿದರ್ಶನ. 2014ರಲ್ಲಿ ಆರಂಭವಾದ ಆ ಯೋಜನೆಯಲ್ಲಿ, ಅರ್ಜಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ವ್ಯವಸ್ಥೆಯನ್ನು ರೂಪಿಸಲಾಯಿತು. ಹತ್ತು ವರ್ಷಗಳಲ್ಲಿ ಬಂದಿದ್ದ ಅರ್ಜಿಗಳೇ ಅದರ ಪಾಠ. ಅವುಗಳಲ್ಲಿ ಬಹುಪಾಲು ಪುರುಷರವು. ಹೀಗಾಗಿ ಪುರುಷರೇ ಮೇಲು ಎಂಬುದನ್ನು ಯಂತ್ರ ತಾನಾಗಿ ಕಲಿಯಿತು. "ಮಹಿಳಾ ಚೆಸ್ ಸಂಘದ ನಾಯಕಿ" ಎಂಬಂಥ ಮಾತಿದ್ದರೆ ಅಂಕ ಕಡಿಮೆ ಮಾಡಿತು. ಎರಡು ಮಹಿಳಾ ಕಾಲೇಜುಗಳ ಪದವೀಧರೆಯರನ್ನು ಕೆಳಗಿಳಿಸಿತು. ತಿದ್ದಿದರೂ ಭರವಸೆ ಮೂಡದೆ 2017ರ ಆರಂಭದ ವೇಳೆಗೆ ಆ ತಂಡವನ್ನೇ ವಿಸರ್ಜಿಸಲಾಯಿತೆಂದು ರಾಯಿಟರ್ಸ್ ಸಂಸ್ಥೆ 2018ರ ಅಕ್ಟೋಬರಿನಲ್ಲಿ ವರದಿ ಮಾಡಿತು. ಅಭ್ಯರ್ಥಿಗಳನ್ನು ಅಳೆಯಲು ಅದನ್ನು ಎಂದೂ ಬಳಸಲಿಲ್ಲವೆಂದು ಕಂಪನಿ ಹೇಳಿದೆ.

ಇನ್ನೊಂದು ಪ್ರಕರಣದಲ್ಲಿ ಯಂತ್ರದ ತಪ್ಪು ಎಳ್ಳಷ್ಟೂ ಇಲ್ಲ. ಚೀನಾದ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಇಂಗ್ಲಿಷ್ ಪಾಠ ಹೇಳಿಸುತ್ತಿದ್ದ ಐಟ್ಯೂಟರ್‌ಗ್ರೂಪ್ ಎಂಬ ಸಂಸ್ಥೆಯ ಮೇಲೆ ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ 2022ರಲ್ಲಿ ದಾವೆ ಹೂಡಿತು. 55 ವರ್ಷ ದಾಟಿದ ಮಹಿಳೆಯರನ್ನೂ 60 ದಾಟಿದ ಪುರುಷರನ್ನೂ ತಾನಾಗಿ ತಿರಸ್ಕರಿಸುವಂತೆ ತಂತ್ರಾಂಶವನ್ನು ಹೊಂದಿಸಲಾಗಿತ್ತು, ಇನ್ನೂರಕ್ಕೂ ಹೆಚ್ಚು ಅರ್ಹರು ಹೀಗೆ ಹೊರಬಿದ್ದರು ಎಂಬುದು ಆರೋಪ. ಗುಟ್ಟು ಹೊರಬಿದ್ದ ಬಗೆ ಸ್ವಾರಸ್ಯಕರವಾಗಿದೆ. ಅಭ್ಯರ್ಥಿಯೊಬ್ಬರು ಹುಟ್ಟಿದ ದಿನಾಂಕವನ್ನು ಮಾತ್ರ ಬದಲಿಸಿ ಅದೇ ಅರ್ಜಿಯನ್ನು ಮತ್ತೆ ಹಾಕಿದರು. ವಯಸ್ಸು ಕಡಿಮೆಯೆಂದಿದ್ದ ಅರ್ಜಿಗೆ ಸಂದರ್ಶನದ ಕರೆ ಬಂತು! 2023ರಲ್ಲಿ ಸಂಸ್ಥೆ 3,65,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿರ್ಧಾರ ಯಂತ್ರದ್ದು, ನಮ್ಮದಲ್ಲ ಎಂಬ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ನ್ಯೂಯಾರ್ಕ್ ನಗರವು ಇಂಥ ಯಂತ್ರಗಳಿಗೆ ವರ್ಷಕ್ಕೊಮ್ಮೆ ಪಕ್ಷಪಾತದ ತಪಾಸಣೆಯಾಗಬೇಕೆಂಬ ಕಾನೂನನ್ನು 2023ರ ಜುಲೈನಿಂದ ಜಾರಿಗೆ ತಂದಿದೆ. ಯುರೋಪಿನ ಒಕ್ಕೂಟವೂ ನೇಮಕಾತಿಯ ಯಂತ್ರಗಳನ್ನು 2024ರ ತನ್ನ ಶಾಸನದಲ್ಲಿ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿದೆ.

ಕೆಲಸ ಸಿಕ್ಕ ಮೇಲೂ ಯಂತ್ರ ಬೆನ್ನು ಬಿಡುವುದಿಲ್ಲ. ಇದಕ್ಕೆ ಪರದೇಶದ ಉದಾಹರಣೆ ಬೇಡ, ನಮ್ಮ ಹಳ್ಳಿಗಳ ಕೆರೆ ಹೂಳೆತ್ತುವ ಕೆಲಸವೇ ಸಾಕು. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಸುಳ್ಳು ಹಾಜರಿಯನ್ನು ತಡೆಯಲು ಕೇಂದ್ರ ಸರ್ಕಾರವು ಮೊಬೈಲ್ ಮೂಲಕ ಹಾಜರಾತಿ ದಾಖಲಿಸುವ ಏರ್ಪಾಟನ್ನು 2021ರಲ್ಲಿ ತಂದು, 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ಕಾಯಕ ಬಂಧುಗಳು ದಿನಕ್ಕೆರಡು ಸಲ ಕೂಲಿಕಾರರ ಭಾವಚಿತ್ರ ತೆಗೆದು ಕಳಿಸಬೇಕಿತ್ತು. ಬೆಳಗಿನ ತಂಪಿನಲ್ಲೇ ಪಾಲಿನ ಮಣ್ಣು ತೆಗೆದು ಮುಗಿಸಿದವರೂ ಎರಡನೆಯ ಚಿತ್ರಕ್ಕಾಗಿ ಕಾಯಬೇಕಾಯಿತು. ನೆಟ್‌ವರ್ಕ್ ಸಿಗದ ದಿನ ದುಡಿದವರಿಗೂ ಹಾಜರಿಯ ಚಿಂತೆ. ಮೋಸವಾದರೂ ನಿಂತಿತೇ? ಸಂಬಂಧವಿಲ್ಲದ ಚಿತ್ರಗಳು, ಚಿತ್ರದಿಂದ ತೆಗೆದ ಚಿತ್ರಗಳು, ಹೆಂಗಸರ ಹೆಸರಿಗೆ ಗಂಡಸರ ಚಿತ್ರಗಳು ಬರುತ್ತಿವೆಯೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು, ಚಿತ್ರಗಳನ್ನು ಅಧಿಕಾರಿಗಳು ಕಣ್ಣಾರೆ ಪರಿಶೀಲಿಸಬೇಕೆಂದು ಸೂಚಿಸಿತು. ಯಂತ್ರವನ್ನು ಕಾಯಲು ಮತ್ತೆ ಮನುಷ್ಯನೇ ಬೇಕಾಯಿತು.

ನಗರಗಳಲ್ಲಿ ಊಟ, ದಿನಸಿ ತಲುಪಿಸುವ ತರುಣರ ಪಾಡು ಬೇರೆ. ಅವರಿಗೆ ಕೆಲಸ ಹಂಚುವುದು, ಅಂಕ ಹಾಕುವುದು, ಕೆಲವೊಮ್ಮೆ ಖಾತೆ ಮುಚ್ಚಿ ಮನೆಗೆ ಕಳಿಸುವುದು ಕೂಡ ತಂತ್ರಾಂಶವೇ. ಮೇಲ್ವಿಚಾರಕನ ಮುಖವನ್ನೇ ಕಾಣದವನು ದೂರು ಒಯ್ಯುವುದೆಲ್ಲಿಗೆ? ಈ ವಿಷಯದಲ್ಲಿ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಅಧಿನಿಯಮವನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಅದರಂತೆ, ಲಿಖಿತ ಕಾರಣವನ್ನೂ 14 ದಿನಗಳ ಮುನ್ಸೂಚನೆಯನ್ನೂ ಕೊಡದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕೇಳುವ ಹಕ್ಕು ಕಾರ್ಮಿಕನಿಗಿದೆ.

ಕಾನೂನಿನ ಬಲವಂತವಿಲ್ಲದೆಯೂ ನಮ್ಮ ಆಡಳಿತ ಮಂಡಳಿಗಳು ಇಷ್ಟನ್ನು ಮಾಡಬಹುದು. ತಂತ್ರಾಂಶ ಮಾರಲು ಬಂದವರನ್ನು, ಇದು ಯಾರ ಅರ್ಜಿಗಳಿಂದ ಪಾಠ ಕಲಿತಿದೆ, ತಿರಸ್ಕಾರಕ್ಕೆ ಕಾರಣ ಹೇಳುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಬೇಕು. ಕೊಂಡ ಮೇಲೆ ಒಂದೇ ಅರ್ಜಿಯ ಮೂರು ಪ್ರತಿ ಮಾಡಿ, ಒಂದರಲ್ಲಿ ಹುಟ್ಟಿದ ವರ್ಷ ಬದಲಿಸಿ, ಇನ್ನೊಂದರಲ್ಲಿ ಎರಡು ವರ್ಷದ ಬಿಡುವು ಸೇರಿಸಿ, ಮೂರನೆಯದನ್ನು ಇದ್ದಂತೆಯೇ ಬಿಟ್ಟು ಯಂತ್ರಕ್ಕೆ ಕೊಟ್ಟು ನೋಡಬೇಕು. ಅರ್ಧ ಗಂಟೆಯ ಕೆಲಸವಿದು. ಯಂತ್ರ ಬೇಡವೆಂದ ಅರ್ಜಿಗಳಲ್ಲಿ ತಿಂಗಳಿಗೆ ಇಪ್ಪತ್ತನ್ನಾದರೂ ಹೊರತೆಗೆದು, ಮಂಡಳಿಯ ಸದಸ್ಯರೊಬ್ಬರು ಕುಳಿತು ಓದಲಿ. ಓದಿದ ಮೇಲೆ ಆ ಅಭ್ಯರ್ಥಿಗಳಿಗೆ ಎರಡು ಸಾಲಿನ ಉತ್ತರ ಬರೆಯಲಿ.