ಮೊಬೈಲಿನ ಚಿತ್ರ, ತಾಟಿನ ರೊಟ್ಟಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ಊರುಗಳಿಗೆ ನಾವು ಸಂತೆಗೆ ಹೋಗುತ್ತೇವೆ. ಹಸಿವಾದರೆ ಖಾನಾವಳಿ ಹುಡುಕುತ್ತೇವೆ. ಮೊದಲು ಉಂಡು ಬಂದವರನ್ನು ಕೇಳುತ್ತಿದ್ದೆವು. ಈಗ ಮೊಬೈಲ್ ನೋಡುತ್ತೇವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಂಡರೆ ಬಾಯಾಗ ನೀರು ಬರ್ತಾವ. ಸಾವಿರ ಜನ ಮೆಚ್ಚಿದ್ದಾರೆ ಅಂದರೆ ನಂಬಿಬಿಡುತ್ತೇವೆ. ಕಾಲು ಅತ್ತಲೇ ಹೊರಳುತ್ತವೆ.

ಹೊಗಳಿದವರು ರೊಕ್ಕ ಕೊಟ್ಟು ಉಂಡವರೋ, ರೊಕ್ಕ ತಗೊಂಡು ಹೊಗಳಿದವರೋ? ರೊಕ್ಕ ಪಡೆದಿದ್ದರೆ ಅದನ್ನು ತಿಳಿಸಲೇಬೇಕು. 2023ರಲ್ಲಿ ಕೇಂದ್ರ ಸರಕಾರ ಹೀಗೆ ಹೇಳಿದೆ. ಚಿತ್ರದ ಜೊತೆ 'ಜಾಹೀರಾತು' ಎಂದಿದೆಯೇ? ಹುಡುಕಿ ಓದೋಣ. ಇಂಗ್ಲಿಷಿನಲ್ಲಿದ್ದರೆ ಬಲ್ಲವರನ್ನು ಕೇಳೋಣ.

ಉಣ್ಣುವ ಮೊದಲು ದರದ ಪಟ್ಟಿ ಓದೋಣ. ಉಂಡ ಮೇಲೆ ಬಿಲ್ಲು ಕೂಡಿಸಿ ನೋಡೋಣ. ಮೋಸವಾದರೆ 1915ಕ್ಕೆ ಫೋನ್ ಮಾಡೋಣ. ಅದು ಗ್ರಾಹಕರ ಸಹಾಯವಾಣಿ.

ಚಿತ್ರ ಆಸೆ ಹುಟ್ಟಿಸುತ್ತದೆ. ಅಕ್ಷರ ಎಚ್ಚರ ಕೊಡುತ್ತದೆ.