ದೀಪಗಳ ಕಮಾನೂ ಗಣಕಯಂತ್ರದ ಮುನಿಸೂ

ಭಾದ್ರಪದದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಓಣಿಗಳು ಹೇಗಿರುವವೆಂಬದನ್ನು ಈ ಭಾಗದ ವಾಚಕರಿಗೆ ನಾವು ವರ್ಣಿಸಿ ಹೇಳಬೇಕಾದುದಿಲ್ಲ. ಅಂಥದೊಂದು ಸಂಜೆ, ಚೌತಿಯ ಹಿಂದಿನ ದಿನ, ಲಕಮನಹಳ್ಳಿಯ ನಮ್ಮ ಓಣಿಯ ಗಣಪತಿ ಮಂಟಪದ ಮುಂದೆ ಹತ್ತು ಹನ್ನೆರಡು ಜನ ಗೃಹಸ್ಥರು ಕೊಡೆ ಹಿಡಿದು ನಿಂತು, ಕತ್ತಲಲ್ಲಿ ಮುಳುಗಿದ್ದ ಒಂದು ಕಮಾನನ್ನು ನೋಡುತ್ತಿದ್ದೆವು. ಕಮಾನಿಗೆ ಬಿಗಿದ ಬಣ್ಣದ ಎಲ್‌ಇಡಿ ದೀಪಗಳು ಸಾವಿರಕ್ಕೆ ಕಡಿಮೆಯಿರಲಿಲ್ಲ. ಅವನ್ನು ಕುಣಿಸಬೇಕಾದ ಲ್ಯಾಪ್‌ಟಾಪು ಮೇಜಿನ ಮೇಲಿದ್ದಿತು. ಅದರ ಪರದೆಯಲ್ಲಿ ಒಂದು ನವಿಲು ಅಂದವಾಗಿ ಗರಿ ಬಿಚ್ಚುತ್ತಿದ್ದಿತು. ಕಮಾನಿನ ಮೇಲೆ ಮಾತ್ರ ಒಂದು ಕಿಡಿಯೂ ಇಲ್ಲ.

"ಪೆಟ್ಟಿಗ್ಯಾಗ ನವಿಲು ಕುಣಿಯಾಕತ್ತೈತಿ, ಕಮಾನಿನ ಮ್ಯಾಲೆ ಯಾಕ ಕುಣಿವಲ್ದು?" ಎಂದು ಹಿರಿಯರೊಬ್ಬರು ಕೇಳಿದರು.

"ನಿನ್ನಿ ರಾತ್ರಿ ಛಲೋ ನಡದಿತ್ತರೀ ಕಾಕಾ," ಎಂದಷ್ಟೇ ಆ ದೀಪದ ಕೆಲಸ ಹಿಡಿದ ತರುಣನು ನುಡಿದು ಸುಮ್ಮನಾದನು.

ಆತನು ಸಾಲ ಮಾಡಿ ಈ ಸಾಮಾನು ಕೊಂಡವನು. ಚೌತಿ, ದಸರೆ, ದೀಪಾವಳಿ ಈ ಮೂರೇ ಆತನ ಸುಗ್ಗಿ. ರಾತ್ರಿ 9 ಗಂಟೆಯೊಳಗೆ ಕಮಾನು ಬೆಳಗದಿದ್ದರೆ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟು, ಈತನ ಹಣ ತಡೆಯತಕ್ಕದ್ದೆಂದು ಮಂಡಳಿಯವರು ಅಲ್ಲಿಯೇ ನಿಂತು ಮಾತಾಡಿಕೊಂಡರು. ನಾವೂ ಅದಕ್ಕೆ ತಲೆಯಾಡಿಸಿದೆವೆಂಬದನ್ನು ಮುಚ್ಚಿಡಲಾರೆವು.

1893ರ ಸುಮಾರಿಗೆ ಲೋಕಮಾನ್ಯ ಟಿಳಕರು ಸಾರ್ವಜನಿಕ ಗಣೇಶೋತ್ಸವಕ್ಕೆ ಬಲ ಕೊಟ್ಟಾಗ ಧಾರವಾಡವು ಮುಂಬಯಿ ಪ್ರಾಂತದೊಳಗಿದ್ದಿತು. ಆದುದರಿಂದ ಈ ಪದ್ಧತಿಯು ನಮ್ಮಲ್ಲಿಗೆ ಬೇಗನೆ ಬಂದಿತು. ಬಾಳೆಯ ಕಂಬ, ಮಾವಿನ ತೋರಣ, ಗ್ಯಾಸಬತ್ತಿಗಳ ಕಾಲ ಹೋಗಿ ಸೀರಿಯಲ್ ಸರಗಳ ಕಾಲ ಬಂದಿತು. 6 ವೋಲ್ಟಿನ ಸುಮಾರು 40 ಬಲ್ಬುಗಳನ್ನು ಒಂದರ ಬೆನ್ನಿಗೊಂದು ಕೂಡಿಸಿ 230 ವೋಲ್ಟಿನ ವಿದ್ಯುತ್ತಿಗೆ ಹಚ್ಚುವ ಆ ಸರದಲ್ಲಿ ಒಂದು ಬಲ್ಬು ಸುಟ್ಟರೆ ಇಡಿಯ ಸರವೇ ಆರುತ್ತಿದ್ದಿತು. ನಾವು ಚಿಕ್ಕವರಿದ್ದಾಗ ಜಗಲಿಯ ಮೇಲೆ ಕುಳಿತು ಒಂದೊಂದೇ ಬಲ್ಬನ್ನು ತಿರುವಿ ನೋಡುತ್ತಿದ್ದುದುಂಟು. ಬಂಗಾಲದ ಚಂದನನಗರದ ಕುಶಲಿಗಳು ತಗಡು ಬಡಿದ ಕಟ್ಟಿಗೆಯ ಉರುಳೆಯನ್ನು ಮೋಟರಿನಿಂದ ತಿರುಗಿಸಿ ದೀಪಗಳನ್ನು ಓಡಿಸುತ್ತಿದ್ದರು. ಅಲ್ಲಿ ದೋಷವು ಕಣ್ಣಿಗೆ ಕಾಣುತ್ತಿದ್ದಿತು. ಈಗ ಉರುಳೆಯ ಸ್ಥಾನದಲ್ಲಿ ಗಣಕಯಂತ್ರವು ಕುಳಿತಿರುವದು. ದೋಷವು ಎಲ್ಲಿ ಅಡಗಿದೆಯೆಂಬದು ಬೇಗನೆ ತಿಳಿಯುವಂತಿಲ್ಲ.

ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಕೇಬಲು ಹೊರಟು ಒಂದು ಚಿಕ್ಕ ಅಡಾಪ್ಟರಿಗೆ ಬರುವದು. ಅಲ್ಲಿಂದ ಆರ್‌ಎಸ್-485 ಎಂಬ ಜೋಡಿತಂತಿಯ ಮೂಲಕ ಆಜ್ಞೆಗಳು ಕಂಟ್ರೋಲರಿಗೆ ಹೋಗುವವು. ಕಂಟ್ರೋಲರು ದೀಪಗಳಿಗೆ ಬಣ್ಣ ಹಂಚುವದು. ಯುಎಸ್‌ಬಿ ಕೇಬಲು 5 ಮೀಟರಿಗಿಂತ ಉದ್ದವಿರಬಾರದು. ಜೋಡಿತಂತಿಯಾದರೋ ವೇಗ ಕಡಿಮೆಯಿದ್ದರೆ 1200 ಮೀಟರಿನವರೆಗೂ ಹೋಗಬಲ್ಲದು. ಆದಕಾರಣ ಲ್ಯಾಪ್‌ಟಾಪು ದೂರವಿರಬೇಕಾದಲ್ಲಿ ಉದ್ದ ಮಾಡಬೇಕಾದುದು ಜೋಡಿತಂತಿಯನ್ನೇ ಹೊರತು ಯುಎಸ್‌ಬಿಯನ್ನಲ್ಲ.

ತರುಣನು ಮೊದಲು ಕಂಟ್ರೋಲರನ್ನೇ ಬಿಚ್ಚಲು ಹೋದನು. ನಾವು ತಡೆದೆವು. ಕಂಟ್ರೋಲರಿನಲ್ಲಿ ಒಂದು ಗುಂಡಿಯುಂಟು. ಅದನ್ನೊತ್ತಿದರೆ ಗಣಕಯಂತ್ರದ ನೆರವಿಲ್ಲದೆ ದೀಪಗಳು ತಾವಾಗಿಯೇ ಕೆಂಪು, ಹಸಿರು, ನೀಲಿಯಾಗಿ ಓಡುವವು. ಒತ್ತಿದನು, ಕಮಾನು ಝಗ್ಗನೆ ಬೆಳಗಿತು. ಹುಡುಗರು ಕೇಕೆ ಹಾಕಿದರು. ಅಂದಮೇಲೆ ದೀಪಗಳೂ ಕಂಟ್ರೋಲರೂ ನೆಟ್ಟಗಿವೆ; ಹುಣ್ಣು ಇರುವದು ಲ್ಯಾಪ್‌ಟಾಪಿನ ಕಡೆಗೆ. ಅರ್ಧ ದಾರಿಯನ್ನು ಹೀಗೆ ಕಡಿದು ಹಾಕಿದಂತಾಯಿತು.

ಮುಂದೆ ವಿಂಡೋಸಿನ ಡಿವೈಸ್ ಮ್ಯಾನೇಜರನ್ನು ತೆರೆಯಿಸಿದೆವು. ಅಡಾಪ್ಟರು ಕೂಡಿದ್ದರೆ ಅಲ್ಲಿಯ ಪೋರ್ಟುಗಳ ಪಟ್ಟಿಯಲ್ಲಿ ಕಾಮ್ ಎಂಬ ಹೆಸರೂ ಒಂದು ಅಂಕೆಯೂ ಕಾಣಬೇಕು. ಚಾಲಕ ತಂತ್ರಾಂಶ, ಅಂದರೆ ಡ್ರೈವರು, ಸರಿಯಿಲ್ಲದಿದ್ದರೆ ಹಳದಿಯ ಗುರುತು ತೋರುವದು. ಇಲ್ಲಿ ಅಂಕೆಯೂ ಇಲ್ಲ, ಹಳದಿಯೂ ಇಲ್ಲ. ಅಡಾಪ್ಟರು ಹುಟ್ಟಿಯೇ ಇಲ್ಲವೆಂಬಂತೆ! ಆದರೂ ಅದರ ಮೈಮೇಲಿನ ಕೆಂಪು ದೀಪವು ಉರಿಯುತ್ತಿದ್ದಿತು. "ಲೈಟ್ ಹತ್ತೈತಲ್ಲರೀ, ಕನೆಕ್ಷನ್ ಐತಿ," ಎಂದು ತರುಣನು ವಾದಿಸಿದನು.

ಆಗ ನಮ್ಮ ಎದೆ ಧಸಕ್ಕೆಂದಿತು. ಯುಎಸ್‌ಬಿಯ ಸಾಮಾನ್ಯ ಕೇಬಲಿನಲ್ಲಿ ನಾಲ್ಕು ತಂತಿಗಳುಂಟು. ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ಫೋನಿಗೆ ವಿದ್ಯುತ್ತು ತುಂಬಲೆಂದೇ ಮಾಡಿದ ಕೆಲವು ಅಗ್ಗದ ಕೇಬಲುಗಳಲ್ಲಿ ಮಾತಿನ ತಂತಿಗಳೇ ಇರುವದಿಲ್ಲ. ಅಂಥದನ್ನು ಹಚ್ಚಿದರೆ ಅಡಾಪ್ಟರಿನ ದೀಪವೇನೋ ಹತ್ತುವದು. ಮಾತು ಮಾತ್ರ ದಾಟುವದಿಲ್ಲ. ಅಂದು ಮುಂಜಾನೆ ಮೇಜಿಗೆ ಮಳೆಹನಿ ಸಿಡಿಯುತ್ತದೆಂದು ಅದನ್ನು ಒಳಗೆ ಸರಿಸಿದವರು ನಾವು. ತರುಣನ ಗಿಡ್ಡ ಕೇಬಲು ಮುಟ್ಟಲಿಲ್ಲವೆಂದು ಅದನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟು, ನಮ್ಮ ಮನೆಯಿಂದ ಫೋನಿನ ಬಿಳಿಯ ಕೇಬಲನ್ನು ತಂದು ಲ್ಯಾಪ್‌ಟಾಪಿನ ಇನ್ನೊಂದು ಮಗ್ಗುಲಿಗೆ ಚುಚ್ಚಿದವರೂ ನಾವೇ. ಆತನು ಆ ಹೊತ್ತಿಗೆ ಊಟಕ್ಕೆ ಹೋಗಿದ್ದನು.

ಮೇಜನ್ನು ಮೊದಲಿನ ಸ್ಥಳಕ್ಕೆ ಎಳೆದು, ಮೇಲೊಂದು ತಾಡಪತ್ರಿ ಕಟ್ಟಿ, ಹಳೆಯ ಕೇಬಲನ್ನು ಹಚ್ಚಿದೆವು. ಕೂಡಲೆ ಪಟ್ಟಿಯಲ್ಲಿ ಕಾಮ್ 7 ಎಂದು ಮೂಡಿತು. ಕಮಾನು ಆದರೂ ಕತ್ತಲೆಯೇ! ತನ್ನದೇ ಆದ ಕ್ರಮಾಂಕವಿಲ್ಲದ ಅಡಾಪ್ಟರನ್ನು ಬೇರೆ ರಂಧ್ರಕ್ಕೆ ಚುಚ್ಚಿದರೆ ವಿಂಡೋಸು ಅದನ್ನು ಹೊಸ ಅತಿಥಿಯೆಂದೇ ಬಗೆದು ಹೊಸ ಅಂಕೆ ಕೊಡುವದು. ದೀಪದ ತಂತ್ರಾಂಶವೋ ನಿನ್ನೆಯ ಕಾಮ್ 3ರ ಬಾಗಿಲನ್ನೇ ತಟ್ಟುತ್ತಿದ್ದಿತು. ತಂತ್ರಾಂಶದಲ್ಲಿ 7 ಎಂದು ತಿದ್ದಲು "ಪೋರ್ಟು ಬಿಡುವಿಲ್ಲ" ಎಂಬರ್ಥದ ಉತ್ತರ ಬಂದಿತು. ಒಂದು ಪೋರ್ಟನ್ನು ಒಂದೇ ಹೊತ್ತಿಗೆ ಎರಡು ತಂತ್ರಾಂಶಗಳು ಹಿಡಿಯುವಂತಿಲ್ಲ. ಗಾಬರಿಯಲ್ಲಿ ತರುಣನು ತೆರೆದ ಪರೀಕ್ಷೆಯ ಕಿಟಕಿಯೊಂದು ಹಿಂದೆ ಉಳಿದು ಅದನ್ನು ಹಿಡಿದಿದ್ದಿತು. ಅದನ್ನು ಮುಚ್ಚಿದನು.

ಗಂಟೆ 8-40. ನವಿಲು ಕಮಾನಿಗೆ ಏರಿತು.

ಮನೆಯಲ್ಲಿ ದೀಪಾವಳಿಗೆ ಇಂಥ ಸಾಮಾನು ಹಚ್ಚುವವರಿಗಾಗಿ ಇನ್ನೆರಡು ಮಾತು. ಪೋರ್ಟು ಸರಿಯಿದ್ದೂ ದೀಪಗಳು ಹುಚ್ಚುಹುಚ್ಚಾಗಿ ಮಿನುಗಿದರೆ ಎರಡೂ ಕಡೆಯ ವೇಗ ಒಂದೇ ಇದೆಯೋ ನೋಡಬೇಕು. ಡಿಎಂಎಕ್ಸ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 2,50,000 ಬಿಟ್ಟು. ಜೋಡಿತಂತಿಯ ಎ, ಬಿ ತುದಿಗಳು ಅದಲುಬದಲಾಗಿವೆಯೋ, ಕೊನೆಯಲ್ಲಿ 120 ಓಮಿನ ರೋಧಕವುಂಟೋ ಎಂಬದನ್ನೂ ನೋಡಬೇಕು. ಅರ್ಧ ಗಂಟೆ ನಡೆದು ನಿಂತುಹೋಗುತ್ತಿದ್ದರೆ ಲ್ಯಾಪ್‌ಟಾಪು ವಿದ್ಯುತ್ತನ್ನು ಉಳಿಸಲು ಯುಎಸ್‌ಬಿಯನ್ನು ಮಲಗಿಸುತ್ತಿರಬಹುದು. ಆ ಏರ್ಪಾಡನ್ನು ತೆಗೆದುಹಾಕತಕ್ಕದ್ದು. ಸರದ ತುದಿಯಲ್ಲಿ ಬಿಳಿಯ ಬಣ್ಣವು ಕೆಂಪಡರಿದರೆ ಅದು ಗಣಕಯಂತ್ರದ ತಪ್ಪಲ್ಲ. ಅಲ್ಲಿಗೆ ವೋಲ್ಟೇಜು ಸಾಲದೆ ಬಂದಿದೆ, ತುದಿಯಿಂದಲೂ ವಿದ್ಯುತ್ತು ಕೊಡಬೇಕು. ಮಳೆಯಲ್ಲಿ ಮುಖ್ಯ ಸ್ವಿಚ್ಚನ್ನು ಆರಿಸದೆ ಒಂದು ಗಂಟನ್ನೂ ಮುಟ್ಟಕೂಡದೆಂಬದನ್ನು ಮನೆಯ ಹುಡುಗರಿಗೆ ಗದರಿಸಿಯೇ ಹೇಳಬೇಕು.

ಮಂಡಳಿಯವರೆದುರು ತಪ್ಪು ನಮ್ಮದೆಂದು ಹೇಳಿದೆವು. ಯಾರೋ ನಕ್ಕರು, ತರುಣನು ನಗಲಿಲ್ಲ. ಐದನೆಯ ದಿನ, ವಿಸರ್ಜನೆಯಾದ ಮೇಲೆ, ಕಮಾನು ಬಿಚ್ಚಲು ಬಂದವನು ಪೂರ್ತಿ ಹಣ ಎಣಿಸಿಕೊಂಡು ನಮ್ಮ ಬಾಗಿಲಿಗೂ ಬಂದನು. ಬಿಳಿಯ ಕೇಬಲನ್ನು ಹಿಂದಿರುಗಿಸಿದನು. ಅದರ ಕೊರಳಿಗೆ ಕರಿಯ ಟೇಪು ಸುತ್ತಿ, ಮೇಲೆ ಸುಣ್ಣದ ಬಣ್ಣದಲ್ಲಿ "ಫೋನಿಂದು" ಎಂದು ಬರೆದಿದ್ದನು.